ಊರಲ್ಲಿ ಮುಟ್ಟು, ಬಸಿರು, ಕಾಂಡೋಮ್ ಬಗ್ಗೆ ಮಾತಾಡುವ ಸಭೆ ಮಾಡಬೇಕು ಅಂತಿದ್ದೇವೆ. ಎಲ್ಲಿಂದ ಶುರು ಮಾಡಲಿ?

ಭದ್ರೆಯ_ದಂಡೆ
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಜಿಲ್ಲೆಯ ಒಂದು ಹಳ್ಳಿಯವಳು. ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ 16 ಜನ ಇದ್ದೇವೆ. ಸಾಲ, ಉಳಿತಾಯ ಬಿಟ್ಟು ಬೇರೆ ಮಾತಾಡಿದ್ದು ಕಡಿಮೆ. ಹೋದ ತಿಂಗಳು ಒಂದು ಸಂಗತಿ ನಡೆಯಿತು.

ಪಕ್ಕದ ಬೀದಿಯ ಹುಡುಗಿ, ಏಳನೇ ಕ್ಲಾಸು. ಎರಡು ದಿನ ಊಟ ಬಿಟ್ಟಳು, ಯಾರ ಹತ್ತಿರವೂ ಮಾತಿಲ್ಲ. ಮೂರನೇ ದಿನ ಹಿತ್ತಲ ಬಾಗಿಲಿಂದ ನಮ್ಮ ಮನೆಗೆ ಬಂದು 'ಅಕ್ಕಾ, ನಂಗೂ ಕ್ಯಾನ್ಸರ್ ಬಂದಿದೆ' ಅಂತ ಅತ್ತಳು. ಅವಳು ಮೈನೆರೆದಿದ್ದಳು, ಅಷ್ಟೇ. ಆದರೆ ಅವಳ ಅಜ್ಜಿ ಗರ್ಭಕೊರಳಿನ ಕ್ಯಾನ್ಸರಿನಿಂದ ರಕ್ತ ಹೋಗಿ ಹೋಗಿ ತೀರಿಕೊಂಡಿದ್ದರು. ಮಗು ಅದನ್ನು ಕಣ್ಣಾರೆ ನೋಡಿತ್ತು. ರಕ್ತ ಅಂದರೆ ಅದೊಂದೇ ಅವಳಿಗೆ ಗೊತ್ತಿದ್ದದ್ದು.

ಇದನ್ನು ಸಂಘದಲ್ಲಿ ಹೇಳಿದೆ. ಎಲ್ಲರೂ 'ಪಾಪ' ಅಂದರು. ಆಮೇಲೆ ಮೂರು ಮಕ್ಕಳ ತಾಯಿ ಒಬ್ಬಳು ಮೆಲ್ಲಗೆ ಕೇಳಿದಳು, 'ಬಸಿರು ತಡೆಯೋಕೆ ವಂಕಿ ಹಾಕಿಸಿದರೆ ಅದು ಎದೆಗೆ ಹತ್ತುತ್ತಂತೆ, ಹೌದಾ?' ನನಗೆ ಉತ್ತರ ಗೊತ್ತಿರಲಿಲ್ಲ. ಕೂತಿದ್ದ ಯಾರಿಗೂ ಗೊತ್ತಿರಲಿಲ್ಲ. ಮಕ್ಕಳಿಗೆ ಹೇಳೋಣ ಅಂತ ಹೊರಟರೆ ನಮಗೇ ಗೊತ್ತಿಲ್ಲ.

ಈಗ ತಿಂಗಳಿಗೆ ಎರಡು ಭಾನುವಾರ ಅಂಗನವಾಡಿಯಲ್ಲಿ ಕೂರೋಣ ಅಂತ ಮಾತಾಗಿದೆ. ಹುಡುಗರನ್ನೂ ಕರೆಯಬೇಕಾ? ಯಾರ ಕೈಲಿ ಹೇಳಿಸಬೇಕು? ಊರಿನ ಹಿರಿಯರು ಒಂದಿಬ್ಬರು ಈಗಲೇ ಮುಖ ಗಂಟು ಹಾಕಿದ್ದಾರೆ. ಅನುಭವ ಇದ್ದವರು ಹೇಳಿ.

ರಾಗಿಮುದ್ದೆ
ಖಂಡಿತ ಮಾಡಿ. ಹುಡುಗರನ್ನು ಬಿಡಬೇಡಿ.

ಸಿಸ್ಟರಮ್ಮ_22
ಕೊಪ್ಪಳ ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 22 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮೊದಲು ಆ ತಾಯಿಗೆ ಉತ್ತರ ಕೊಡಿ. ವಂಕಿ ಗರ್ಭಕೋಶದ ಒಳಗೆ ಕೂರುತ್ತದೆ. ಅಲ್ಲಿಂದ ಎದೆಗೆ ಹೋಗುವ ದಾರಿಯೇ ಇಲ್ಲ. ಕಾಪರ್ ಟಿ 380 ಎ ಅನ್ನೋ ವಂಕಿ ಹತ್ತು ವರ್ಷ ಬರುತ್ತದೆ, 375 ಅನ್ನೋದು ಐದು ವರ್ಷ. ಬೇಡ ಅಂದ ದಿನ ತೆಗೆಸಬಹುದು. ಹೆರಿಗೆ ಆದ 48 ಗಂಟೆಯೊಳಗೆ ಅಲ್ಲೇ ಹಾಕಿಸಿಕೊಳ್ಳಲೂಬಹುದು. ಮೊದಲ ಕೆಲವು ತಿಂಗಳು ಮುಟ್ಟು ಸ್ವಲ್ಪ ಜಾಸ್ತಿ ಹೋಗಬಹುದು, ಹೊಟ್ಟೆ ನೋವು ಬರಬಹುದು. ಇದನ್ನು ಮೊದಲೇ ಹೇಳದೆ ಹಾಕಿಬಿಟ್ಟರೆ ಹೆಣ್ಣುಮಕ್ಕಳು ಹೆದರುತ್ತಾರೆ. ಹೆದರಿದವಳು ಹತ್ತು ಮನೆಗೆ ಹೇಳುತ್ತಾಳೆ. ಎದೆಗೆ ಹತ್ತಿತು ಅನ್ನೋ ಮಾತು ಹುಟ್ಟೋದು ಹಾಗೆ.

ಇನ್ನು ಸಭೆ. ನಮ್ಮನ್ನು ಕರೆದು ಭಾಷಣ ಮಾಡಿಸಬೇಡಿ. ಭಾಷಣ ಕೇಳಿ ಕೇಳಿ ಜನಕ್ಕೆ ಸಾಕಾಗಿದೆ. ಒಂದು ಡಬ್ಬ ಇಡಿ, ಹೆಸರು ಬರೆಯದೆ ಚೀಟಿ ಹಾಕಲಿ. ನಾವು ಬಂದು ಚೀಟಿ ತೆಗೆದು ಉತ್ತರ ಹೇಳುತ್ತೇವೆ. ವಸ್ತುಗಳನ್ನು ತರಿಸಿ. ನಿರೋಧ್ ಕಾಂಡೋಮ್, ಬಸಿರು ತಡೆಯುವ ಮಾಲಾ ಎನ್, ಛಾಯಾ ಮಾತ್ರೆ, ವಂಕಿ ಎಲ್ಲವನ್ನೂ ಕೈಯಲ್ಲಿ ಹಿಡಿದು ನೋಡಲಿ. ಮುಟ್ಟಿ ನೋಡಿದ ಮೇಲೆ ಅರ್ಧ ಭಯ ಹೋಗುತ್ತದೆ.

10ರಿಂದ 19 ವರ್ಷದ ಮಕ್ಕಳಿಗೆ ಅಂತಲೇ ಸ್ನೇಹ ಕ್ಲಿನಿಕ್ ಇದೆ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ನಡೆಯುತ್ತದೆ. ನಿಮ್ಮ ಕಡೆ ಯಾವ ದಿನ, ಎಷ್ಟು ಹೊತ್ತಿಗೆ ಅಂತ ಆಶಾ ಕಾರ್ಯಕರ್ತೆ ಹತ್ತಿರ ಕೇಳಿಕೊಳ್ಳಿ.

ಮಲೆನಾಡ_ಮಳೆ
ಸ್ನೇಹ ಕ್ಲಿನಿಕ್ ಇದೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು. ಮಗಳಿಗೆ 15 ವರ್ಷ. ಇಷ್ಟು ದಿನ ಯಾರೂ ಹೇಳಲೇ ಇಲ್ಲವಲ್ಲ!

ಕೆರೆ_ಏರಿ
ಗೊತ್ತಿದ್ದರೂ ಹೋಗಲ್ಲ ಮೇಡಂ. ನಮ್ಮೂರ ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು ನಮ್ಮ ಚಿಕ್ಕಪ್ಪನ ಸ್ನೇಹಿತರು. ಒಳಗೆ ಕಾಲಿಟ್ಟರೆ ಸಂಜೆಗೆ ಮನೆಗೆ ಸುದ್ದಿ. ಕ್ಲಿನಿಕ್ ಬಾಗಿಲು ತೆರೆದಿದ್ದರೆ ಸಾಲದು, ಆ ಬಾಗಿಲು ಊರ ಕಣ್ಣಿಗೆ ಬೀಳಬಾರದು.

ಹಳೇ_ಮೇಷ್ಟ್ರು
ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು, ಈಗ ನಿವೃತ್ತ. ಒಂದು ಮಾತು ಒಪ್ಪಿಕೊಳ್ಳಬೇಕು. ಹತ್ತನೇ ಕ್ಲಾಸಿನ ಸಂತಾನೋತ್ಪತ್ತಿ ಪಾಠದಲ್ಲಿ ಹೂವಿನ ಪರಾಗಸ್ಪರ್ಶ ಎರಡು ಪೀರಿಯಡ್ ಮಾಡುತ್ತಿದ್ದೆ. ಮನುಷ್ಯರ ಭಾಗ ಬಂದಾಗ 'ಮನೆಯಲ್ಲಿ ಓದಿಕೊಳ್ಳಿ' ಅನ್ನುತ್ತಿದ್ದೆ. ಎಷ್ಟೋ ವರ್ಷ ಹಾಗೇ ನಡೆಯಿತು. ಪರೀಕ್ಷೆಯಲ್ಲಿ ಚಿತ್ರ ಬರೆದು ಭಾಗ ಗುರುತಿಸುತ್ತಿದ್ದರು, ಅಂಕವೂ ಬರುತ್ತಿತ್ತು. ಆದರೆ ಅದು ತಮ್ಮ ಮೈಯೇ ಅಂತ ಅವರಿಗೆ ಅನ್ನಿಸಲೇ ಇಲ್ಲ.

ಹದಿಹರೆಯದ ಶಿಕ್ಷಣ ಅಂತ ಕೇಂದ್ರದಿಂದ ಕಾರ್ಯಕ್ರಮ ಬಂದಿತ್ತು. 2007ರಲ್ಲಿ ಅದರ ಕೈಪಿಡಿಯ ಚಿತ್ರಗಳ ಬಗ್ಗೆ ದೊಡ್ಡ ಗಲಾಟೆ ಆಯಿತು. ಬೇಡ ಅಂದ ರಾಜ್ಯಗಳಲ್ಲಿ ನಮ್ಮದೂ ಒಂದು. ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತ್ ಕೂಡ ಹಾಗೇ ಮಾಡಿದವು. ಅವತ್ತು ನನಗೆ ಒಳಗೊಳಗೇ ಸಮಾಧಾನ ಆಗಿತ್ತು. ಹೇಳುವ ಕಷ್ಟ ತಪ್ಪಿತಲ್ಲ ಅಂತ. ಆ ಬ್ಯಾಚಿನ ಒಬ್ಬ ಹುಡುಗಿಗೆ ಹತ್ತನೇ ಕ್ಲಾಸು ಮುಗಿದ ಬೇಸಿಗೆಯಲ್ಲೇ ಮದುವೆ ಆಯಿತು. ಅವಳು ಏನೂ ತಿಳಿಯದೆ ಹೋದಳು ಅನ್ನೋದು ನನಗೆ ಇವತ್ತಿಗೂ ಚುಚ್ಚುತ್ತದೆ.

ನಮ್ಮತನ
ಎಲ್ಲರೂ ಒಂದೇ ರಾಗ ಹಾಡುತ್ತಿದ್ದೀರಿ. ನನಗೂ ಇಬ್ಬರು ಹೆಣ್ಣುಮಕ್ಕಳು. ಕಾಂಡೋಮ್ ತೋರಿಸಿ ಪಾಠ ಮಾಡಿದರೆ ಮಕ್ಕಳಿಗೆ ಇಲ್ಲದ ಕುತೂಹಲ ಹುಟ್ಟುತ್ತದೆ. ನಮ್ಮಲ್ಲಿ ಇದಕ್ಕೆ ಪದ್ಧತಿ ಇತ್ತು. ಹುಡುಗಿ ದೊಡ್ಡವಳಾದರೆ ಸೋದರತ್ತೆ ಬಂದು ಆರತಿ ಮಾಡಿ, ಚಿಗಳಿ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು ಹೇಳಬೇಕಾದ್ದನ್ನು ಹೇಳುತ್ತಿದ್ದರು. ಅದನ್ನು ಬಿಟ್ಟು ಹೊರಗಿನವರು ಹೇಳಿಕೊಟ್ಟ ದಾರಿ ಹಿಡಿಯೋದು ಯಾಕೆ?

ಮಲೆನಾಡ_ಮಳೆ
ನನ್ನ ಸೋದರತ್ತೆ ಹೇಳಿದ್ದು ಹೇಳಲಾ? ಉಪ್ಪಿನಕಾಯಿ ಭರಣಿ ಮುಟ್ಟಬೇಡ. ತುಳಸಿ ಕಟ್ಟೆ ಹತ್ತಿರ ಹೋಗಬೇಡ. ಹುಡುಗರ ಜೊತೆ ಆಡಬೇಡ. ಬರೀ ಬೇಡ. ರಕ್ತ ಯಾಕೆ ಬರುತ್ತದೆ ಅಂತ ಕೇಳಿದ್ದಕ್ಕೆ 'ಮದುವೆ ಆದಮೇಲೆ ಗೊತ್ತಾಗುತ್ತೆ' ಅಂದರು. ಮದುವೆ ಆದಮೇಲೂ ಯಾರೂ ಹೇಳಲಿಲ್ಲ. ಚಿಗಳಿ ಮಾತ್ರ ಚೆನ್ನಾಗಿತ್ತು, ಅದನ್ನು ನನ್ನ ಮಗಳಿಗೂ ಮಾಡಿಕೊಟ್ಟೆ.

ಚರಿತ್ರೆ_ಚಾವಡಿ
'ಹೊರಗಿನವರ ದಾರಿ' ಅಂದಿರಿ, ಅದಕ್ಕೆ ಹೇಳುತ್ತೇನೆ. 1930ರಲ್ಲಿ ಮೈಸೂರು ಸಂಸ್ಥಾನವೇ ಬೆಂಗಳೂರು ಮತ್ತು ಮೈಸೂರಿನಲ್ಲಿ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಿತು. ಸರ್ಕಾರವೇ ನಡೆಸಿದ ಇಂಥ ಕ್ಲಿನಿಕ್‌ಗಳಲ್ಲಿ ಪ್ರಪಂಚಕ್ಕೇ ಮೊದಲು ಅಂತ ಅದನ್ನು ಹೆಸರಿಸುತ್ತಾರೆ. ಭಾರತದ ಕುಟುಂಬ ಯೋಜನೆ ಶುರುವಾದದ್ದು 1952ರಲ್ಲಿ. ಅದಕ್ಕೆ 22 ವರ್ಷ ಮೊದಲೇ ನಮ್ಮಲ್ಲಿ ಇತ್ತು. 1949ರಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘ ಕಟ್ಟಿದ ಧನ್ವಂತಿ ರಾಮರಾವ್ ಕೂಡ ನಮ್ಮ ಕಡೆಯವರೇ, ಮಂಗಳೂರಿನವರು.

ಹುಬ್ಳಿ_ಹುಡ್ಗ
ತಿದ್ದುಪಡಿ ಸರ್. ಅವರ ಗಂಡ ಬೆನೆಗಲ್ ರಾಮರಾವ್ ಆ ಕಡೆಯವರು, ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದವರು. ಧನ್ವಂತಿಯವರು ಕಾಶ್ಮೀರಿ ಮನೆತನದವರು, ಬೆಳೆದದ್ದು ನಮ್ಮ ಹುಬ್ಬಳ್ಳಿಯಲ್ಲಿ.

ಚರಿತ್ರೆ_ಚಾವಡಿ
ಸರಿ, ತಪ್ಪಾಯಿತು. ಹುಬ್ಬಳ್ಳಿಯೇ.

ಹುಬ್ಳಿ_ಹುಡ್ಗ
ಬಂದದ್ದಕ್ಕೆ ಹುಡುಗರ ಕಥೆಯನ್ನೂ ಹೇಳಿಬಿಡುತ್ತೇನೆ. ಯಾರೂ ಹೇಳೋದಿಲ್ಲ. ನನಗೆ 17 ವರ್ಷ ಇದ್ದಾಗ ರಾತ್ರಿ ನಿದ್ದೆಯಲ್ಲಿ ಬಟ್ಟೆ ಒದ್ದೆಯಾಗುತ್ತಿತ್ತು. ಯಾವುದೋ ದೊಡ್ಡ ರೋಗ ಅಂದುಕೊಂಡೆ. ಬಸ್ ಸ್ಟ್ಯಾಂಡಿನ ಮೂತ್ರಾಲಯದ ಗೋಡೆ ಮೇಲೆ ಚೀಟಿ ನೋಡಿದೆ. ಗುಪ್ತ ರೋಗ, ಧಾತು ನಷ್ಟ, ಪ್ರತಿ ತಿಂಗಳು ಇಂಥ ತಾರೀಖು ಇಂಥ ಲಾಡ್ಜಿನಲ್ಲಿ ಭೇಟಿ. ಹೋದೆ. ಒಂದು ಹನಿ ವೀರ್ಯಕ್ಕೆ ನೂರು ಹನಿ ರಕ್ತ ಅಂತ ಹೆದರಿಸಿ ಒಂದು ಡಬ್ಬ ಪುಡಿ ಕೊಟ್ಟ. ಕಾಲೇಜು ಫೀಸಿನ ದುಡ್ಡು 4,500 ರೂಪಾಯಿ ಅವನ ಕೈಗೆ ಹೋಯಿತು. ಮನೆಯಲ್ಲಿ ಕಳೆದುಹೋಯಿತು ಅಂತ ಸುಳ್ಳು ಹೇಳಿ ಅಪ್ಪನ ಕೈಲಿ ಏಟು ತಿಂದೆ. ನಾಲ್ಕು ವರ್ಷ ಆದಮೇಲೆ ಒಬ್ಬ ಡಾಕ್ಟರ್ ಹೇಳಿದರು, ಅದು ವಯಸ್ಸಿಗೆ ತಕ್ಕ ಸಹಜ ಸಂಗತಿ, ಔಷಧಿಯೇ ಬೇಡ ಅಂತ. ಆ ಒಂದು ಮಾತು ಶಾಲೆಯಲ್ಲಿ ಯಾರಾದರೂ ಹೇಳಿದ್ದರೆ ನಾಲ್ಕು ವರ್ಷದ ಭಯ ತಪ್ಪುತ್ತಿತ್ತು.

ಅಕ್ಕಾ, ಹುಡುಗರನ್ನು ಕರೆಯಿರಿ. ಕೈ ಮುಗಿದು ಕೇಳುತ್ತೇನೆ.

ಬಯಲುಸೀಮೆ
ಲಾಡ್ಜ್ ಡಾಕ್ಟರ್ ಕಾಟ ಇನ್ನೂ ಇದೆ! ಈಗ ಗೋಡೆ ಬಿಟ್ಟು ಮೊಬೈಲಿಗೆ ಬಂದಿದ್ದಾರೆ, ಅಷ್ಟೇ.

ನಮ್ಮತನ
ಹುಬ್ಬಳ್ಳಿಯವರ ಮಾತು ಓದಿ ಬೇಜಾರಾಯಿತು. ಹುಡುಗರ ಬಗ್ಗೆ ನಾನು ಯೋಚಿಸಿರಲಿಲ್ಲ. ಆದರೂ ಎಲ್ಲ ವಯಸ್ಸಿಗೂ ಎಲ್ಲವನ್ನೂ ಒಟ್ಟಿಗೆ ಹೇಳೋದು ತಪ್ಪು ಅನ್ನೋ ಮಾತಿಗೆ ಈಗಲೂ ಬದ್ಧ.

ಸಿಸ್ಟರಮ್ಮ_22
ಅದು ಸರಿಯಾದ ಮಾತು. ನಾವೂ ಹಾಗೆ ಮಾಡಲ್ಲ. ಹತ್ತು ಹನ್ನೊಂದರ ಮಕ್ಕಳಿಗೆ ಮೈ ಹೇಗೆ ಬದಲಾಗುತ್ತದೆ, ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದರೆ ಯಾರಿಗೆ ಹೇಳಬೇಕು, ಮಕ್ಕಳ ಸಹಾಯವಾಣಿ 1098 ಅಂದರೇನು, ಇಷ್ಟು ಸಾಕು. ಹದಿನೈದು ದಾಟಿದವರಿಗೆ ಗರ್ಭ ಹೇಗೆ ನಿಲ್ಲುತ್ತದೆ, ಸೋಂಕು ಹೇಗೆ ಬರುತ್ತದೆ ಅಂತ ಹೇಳಬೇಕು. ದೊಡ್ಡವರಿಗೆ ಬೇರೆಯೇ ಸಭೆ. ನಿಜ ಹೇಳಬೇಕಂದರೆ ದೊಡ್ಡವರ ಸಭೆಯೇ ಕಷ್ಟ. ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವುದೇ ಇಲ್ಲ.

ಕಡಲ_ಕರೆ
ವಿಷಯ ಸ್ವಲ್ಪ ಬೇರೆ, ಆದರೂ ಕೇಳುತ್ತೇನೆ. ಪ್ಯಾಡ್ ವ್ಯವಸ್ಥೆ ಏನು ಮಾಡುತ್ತೀರಿ? ಶುಚಿ ಯೋಜನೆಯಲ್ಲಿ 10ರಿಂದ 19 ವರ್ಷದ ಹುಡುಗಿಯರಿಗೆ ಉಚಿತ ಪ್ಯಾಡ್ ಇದೆ. ಮಧ್ಯೆ ಕೆಲವು ವರ್ಷ ನಿಂತು ಮತ್ತೆ ಶುರುವಾಗಿದೆ. ನಮ್ಮ ದಕ್ಷಿಣ ಕನ್ನಡ ಮತ್ತು ಚಾಮರಾಜನಗರದಲ್ಲಿ 2023ರಲ್ಲಿ 'ನನ್ನ ಮೈತ್ರಿ' ಅಂತ ಮುಟ್ಟಿನ ಕಪ್ ಕೂಡ ಕೊಟ್ಟರು. ನಾನು ಈಗ ಕಪ್ಪೇ ಬಳಸೋದು. ಮೊದಲ ಎರಡು ತಿಂಗಳು ಕಷ್ಟ, ಆಮೇಲೆ ಆರಾಮ.

ಕೆರೆ_ಏರಿ
ಕಪ್ ಕುದಿಸೋಕೆ ಪಾತ್ರೆ ಬೇಕು. ನಮ್ಮ ಅತ್ತೆ ಅಡುಗೆಮನೆಗೇ ಬಿಡಲ್ಲ. ನಮಗೆ ಹತ್ತಿ ಬಟ್ಟೆಯೇ ಸರಿ.

ಕಡಲ_ಕರೆ
ಬಟ್ಟೆಯೂ ತಪ್ಪಲ್ಲ. ಸೋಪು ಹಾಕಿ ಒಗೆದು ಚೆನ್ನಾಗಿ ಬಿಸಿಲಿಗೆ ಹಾಕಬೇಕು. ನಮ್ಮ ಮಳೆಗಾಲದಲ್ಲಿ ಒಣಗೋದೇ ಇಲ್ಲ, ಅದಕ್ಕೇ ನಾನು ಬಿಟ್ಟದ್ದು. ಮಂಚದ ಕೆಳಗೆ ಕತ್ತಲಲ್ಲಿ ಒಣಗಿಸಿದರೆ ತುರಿಕೆ, ಸೋಂಕು.

ಹಟ್ಟಿ_ಹುಡುಗಿ
ನಮ್ಮ ಗೊಲ್ಲರಹಟ್ಟಿಯಲ್ಲಿ ಬಟ್ಟೆ ಒಣಗಿಸೋದು ಆಮೇಲಿನ ಮಾತು, ಮುಟ್ಟಾದರೆ ನಮ್ಮನ್ನೇ ಹಟ್ಟಿಯಿಂದ ಹೊರಗೆ ಇಡುತ್ತಾರೆ. ಮಳೆಯಲ್ಲಿ ನಾನೂ ಕೂತಿದ್ದೇನೆ. ದೇವರಿಗೆ ಆಗಲ್ಲ ಅಂತಾರೆ. ಆಶಾ ಅಕ್ಕ ಬಂದು ಎಷ್ಟು ಹೇಳಿದರೂ ಹೆಂಗಸರೇ ಮೊದಲು ಬೇಡ ಅನ್ನೋದು. ಭಯ ಅವರಿಗೆ. ನಾನು ನನ್ನ ತಂಗಿಯನ್ನು ಹಾಸ್ಟೆಲ್‌ಗೆ ಸೇರಿಸಿದ್ದು ಇದೇ ಕಾರಣಕ್ಕೆ.

ಮಲೆನಾಡ_ಮಳೆ
ಒಳ್ಳೇ ಕೆಲಸ ಮಾಡಿದಿರಿ ತಂಗಿ.

ಪೇಟೆ_ಪಾರಿವಾಳ
ಬೆಂಗಳೂರಿನಲ್ಲಿ ಕೆಲಸ, 26 ವರ್ಷ, ಮದುವೆ ಆಗಿಲ್ಲ. ಪಟ್ಟಣದಲ್ಲಿ ಎಲ್ಲ ಸಲೀಸು ಅಂದುಕೊಳ್ಳಬೇಡಿ. ಹೋದ ವರ್ಷ ತಿಂಗಳು ನಿಂತಿತು ಅಂತ ಒಂದು ಆಸ್ಪತ್ರೆಗೆ ಹೋದೆ. ಕೌಂಟರಿನಲ್ಲೇ, ಎಲ್ಲರ ಮುಂದೆ, 'ಮದುವೆ ಆಗಿದೆಯಾ? ಗಂಡನ್ನ ಕರ್ಕೊಂಡು ಬನ್ನಿ.' ವಾಪಸ್ ಬಂದುಬಿಟ್ಟೆ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಮಾತ್ರೆ ತಗೊಂಡು ರೂಮಿನಲ್ಲಿ ಒಬ್ಬಳೇ ನುಂಗಿದೆ. ಒಂದು ವಾರ ರಕ್ತ ನಿಲ್ಲಲಿಲ್ಲ. ರೂಮ್‌ಮೇಟ್ ಆಟೋ ಕರೆಸಿದ್ದಕ್ಕೆ ಉಳಿದೆ.

ಕಪ್ಪು_ಕೋಟು
ತಂಗಿ, ನಿಮ್ಮನ್ನು ವಾಪಸ್ ಕಳಿಸಿದ್ದು ತಪ್ಪು. ಎಲ್ಲರೂ ತಿಳಿದಿರಲಿ ಅಂತ ಬರೆಯುತ್ತೇನೆ. ಗರ್ಭಪಾತದ ಕಾನೂನು 1971ರದ್ದು, 2021ರಲ್ಲಿ ತಿದ್ದುಪಡಿ ಆಯಿತು. 18 ತುಂಬಿದ ಹೆಣ್ಣಿಗೆ ಅವಳೊಬ್ಬಳ ಒಪ್ಪಿಗೆ ಸಾಕು. ಗಂಡನ ಸಹಿ ಬೇಕು ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಬೇಕು, 20ರಿಂದ 24 ವಾರದವರೆಗೆ ಕೆಲವು ಸಂದರ್ಭಗಳಲ್ಲಿ ಇಬ್ಬರದ್ದು. ಮದುವೆ ಆಗದವರಿಗೂ ಇದು ಅನ್ವಯ ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಹೆಸರು ಗುಟ್ಟಾಗಿ ಇಡಬೇಕಾದ್ದು ಅವರ ಕರ್ತವ್ಯ.

ಬಯಲುಸೀಮೆ
18 ಆಗದಿದ್ದರೆ?

ಕಪ್ಪು_ಕೋಟು
ಪೋಷಕರ ಲಿಖಿತ ಒಪ್ಪಿಗೆ ಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಈ ಭಯಕ್ಕೇ ಎಷ್ಟೋ ಮನೆಯವರು ಆಸ್ಪತ್ರೆ ಬಿಟ್ಟು ಯಾರ್ಯಾರ ಹತ್ತಿರವೋ ಹೋಗುತ್ತಾರೆ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ, ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಬರೆಯಬೇಕಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಸಿಸ್ಟರಮ್ಮ_22
ಪೇಟೆಯ ತಂಗಿ, ಉಳಿದುಕೊಂಡಿರಲ್ಲ, ಅದೇ ದೊಡ್ಡದು. ಉಳಿದವರು ಒಂದು ವ್ಯತ್ಯಾಸ ತಿಳಿಯಿರಿ. ತುರ್ತು ಮಾತ್ರೆ ಬೇರೆ, ಗರ್ಭಪಾತದ ಮಾತ್ರೆ ಬೇರೆ. ತುರ್ತು ಮಾತ್ರೆ ಸಂಭೋಗ ಆದ 72 ಗಂಟೆಯೊಳಗೆ, ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ಅದು ಗರ್ಭ ನಿಲ್ಲದಂತೆ ತಡೆಯುತ್ತದೆ. ನಿಂತ ಗರ್ಭವನ್ನು ಅದು ತೆಗೆಯೋದಿಲ್ಲ. ಗರ್ಭಪಾತದ ಮಾತ್ರೆ ಡಾಕ್ಟರ್ ನೋಡದೆ ತಗೊಳ್ಳಲೇಬಾರದು. ಗರ್ಭಕೋಶದ ಬದಲು ನಾಳದಲ್ಲಿ ಗರ್ಭ ನಿಂತಿದ್ದರೆ ಜೀವಕ್ಕೇ ಅಪಾಯ.

ಹಾಸನದ_ಅಣ್ಣ
ಇಷ್ಟೊತ್ತು ಹೆಣ್ಣುಮಕ್ಕಳು ಏನು ಮಾಡಬೇಕು ಅಂತಲೇ ಮಾತಾಗುತ್ತಿದೆ. ಗಂಡಸರ ಮಾತು ಎಲ್ಲಿ? ನಾನು ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡವನು. ಹೆಂಡತಿಗೆ ಎರಡು ಸಿಸೇರಿಯನ್ ಆಗಿತ್ತು. ಮೂರನೇ ಸಲ ಅವಳ ಹೊಟ್ಟೆಗೆ ಕತ್ತರಿ ಹಾಕಿಸೋದು ಬೇಡ ಅನ್ನಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಬೆಳಗ್ಗೆ ಹೋದೆ, ಮಧ್ಯಾಹ್ನ ಊಟಕ್ಕೆ ಮನೆಯಲ್ಲಿದ್ದೆ. ಹೊಲಿಗೆಯೂ ಇಲ್ಲ. ಅಮ್ಮ ಒಂದು ತಿಂಗಳು ಮಾತು ಬಿಟ್ಟರು. 'ದುಡಿಯೋ ಗಂಡಸು, ಮೈಯಲ್ಲಿ ಶಕ್ತಿ ಹೋಗುತ್ತೆ' ಅಂತ. ಆರು ವರ್ಷ ಆಯಿತು. 50 ಕೆ.ಜಿ. ಗೊಬ್ಬರದ ಮೂಟೆ ಇವತ್ತೂ ಹೊರುತ್ತೇನೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ನೋಡಿ. ಕರ್ನಾಟಕದಲ್ಲಿ ಮದುವೆಯಾದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಜನಕ್ಕೆ ಆಪರೇಷನ್ ಆಗಿದೆ. ಗಂಡಸರದ್ದು ಹೆಚ್ಚುಕಡಿಮೆ ಸೊನ್ನೆ. ಸೊನ್ನೆ! ಮಕ್ಕಳು ಇಬ್ಬರಿಗೂ ಸೇರಿ ಹುಟ್ಟಿದ್ದಲ್ವಾ?

ರಾಗಿಮುದ್ದೆ
ಅಣ್ಣಾ, ಸುಮ್ನೆ ಕೇಳ್ತೀನಿ ಅನ್ಕೋಬೇಡಿ. ಸಂಸಾರದ ಸುಖಕ್ಕೆ ತೊಂದರೆ ಆಗಲ್ವಾ?

ಹಾಸನದ_ಅಣ್ಣ
ಏನೂ ಆಗಿಲ್ಲ. ಬಸಿರಾಗುವ ಭಯ ಹೋಗಿ ಇಬ್ಬರಿಗೂ ನೆಮ್ಮದಿ ಆಗಿದೆ.

ಸಿಸ್ಟರಮ್ಮ_22
ಒಂದು ಸೇರಿಸುತ್ತೇನೆ. ಆಪರೇಷನ್ ಆದ ತಕ್ಷಣ ಕೆಲಸ ಮಾಡಲ್ಲ. ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿ, ಆಮೇಲೆ ನಿಶ್ಚಿಂತೆ. ಇದನ್ನು ಮರೆತು ಹೆಂಡತಿ ಬಸಿರಾದರೆ ಅವಳ ಮೇಲೆ ಅನುಮಾನ ಪಡುವವರನ್ನು ಕಂಡಿದ್ದೇನೆ. ಎಂಥ ಅನ್ಯಾಯ ನೋಡಿ.

ಬಯಲುಸೀಮೆ
ನಮ್ಮ ಕಡೆ ಇನ್ನೊಂದು ಕಷ್ಟ ಇದೆ. 'ಮಕ್ಕಳಾದವಲ್ಲ, ಇನ್ನು ಯಾಕೆ' ಅಂತ 30 ವರ್ಷಕ್ಕೇ ಗರ್ಭಕೋಶ ತೆಗೆಸಿಕೊಂಡು ಬರುತ್ತಾರೆ. ಬಿಳಿ ಸೆರಗು ಅಂತ ಹೋದವರಿಗೆ 'ಕ್ಯಾನ್ಸರ್ ಆಗುತ್ತೆ' ಅಂತ ಹೆದರಿಸಿ ತೆಗೆದುಬಿಡುತ್ತಾರೆ. ನಮ್ಮ ಚಿಕ್ಕಮ್ಮನಿಗೂ ಹಾಗೇ ಆಯಿತು, ಹೊಲ ಮಾರಿ ದುಡ್ಡು ಕಟ್ಟಿದರು. ಮಾತ್ರೆಯಲ್ಲಿ ಹೋಗುತ್ತಿದ್ದ ಸೋಂಕು ಅದು ಅಂತ ಆಮೇಲೆ ಗೊತ್ತಾಯಿತು. ಸಭೆಯಲ್ಲಿ ಇದನ್ನು ದಯವಿಟ್ಟು ಹೇಳಿ. ಇನ್ನೊಬ್ಬ ಡಾಕ್ಟರನ್ನು ಕೇಳದೆ ಗರ್ಭಕೋಶ ತೆಗೆಸಬೇಡಿ ಅಂತ.

ಭದ್ರೆಯ_ದಂಡೆ
(12 ದಿನ ಆದಮೇಲೆ ಬರೆಯುತ್ತಿದ್ದೇನೆ)
ಎಲ್ಲರ ಮಾತನ್ನೂ ಓದಿದೆ. ಸಂಘದಲ್ಲಿ ಓದಿಯೂ ಹೇಳಿದೆ. ಹುಬ್ಬಳ್ಳಿಯ ತಮ್ಮನ ಕಥೆ ಕೇಳಿ ಇಬ್ಬರು ತಾಯಂದಿರು ತಮ್ಮ ಗಂಡುಮಕ್ಕಳನ್ನೂ ಕಳಿಸುತ್ತೇವೆ ಅಂದರು.

ಹೀಗೆ ಮಾಡಿದೆವು. ಆಶಾ ಮತ್ತು ಸಿಸ್ಟರ್ ಇಬ್ಬರೂ ಬಂದರು. ಹುಡುಗಿಯರು ಅಂಗನವಾಡಿಯಲ್ಲಿ, ಹುಡುಗರು ಶಾಲೆಯಲ್ಲಿ. ಹುಡುಗರಿಗೆ ಹೇಳೋಕೆ ಆರೋಗ್ಯ ಇಲಾಖೆಯ ಒಬ್ಬ ಅಣ್ಣನೇ ಬಂದರು. ಬೋರ್ಡಿಗೆ ಏನು ಬರೆಯೋದು ಅಂತ ಬಹಳ ಯೋಚಿಸಿ 'ರಕ್ತಹೀನತೆ ತಪಾಸಣೆ' ಅಂತ ಬರೆದೆವು. ನಿಜಕ್ಕೂ ಹಿಮೋಗ್ಲೋಬಿನ್ ನೋಡಿದರು, ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನೂ ಕೊಟ್ಟರು. ಕೆರೆ ಏರಿಯವರು ಹೇಳಿದ ಊರ ಕಣ್ಣು ಇದಕ್ಕೆ ಬೀಳಲಿಲ್ಲ. ಮುಖ ಗಂಟು ಹಾಕಿದ್ದ ಹಿರಿಯರ ಮೊಮ್ಮಗಳೂ ಬಂದಿದ್ದಳು.

ಆ ಏಳನೇ ಕ್ಲಾಸಿನ ಹುಡುಗಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅಜ್ಜಿಗೆ ಬಂದದ್ದು ಹೇಗೆ ಅಂತ ಎದ್ದು ಕೇಳಿದಳು. ಅದು ಒಂದು ವೈರಸ್ಸಿನಿಂದ ಬರುತ್ತದೆ, 9ರಿಂದ 14 ವರ್ಷದೊಳಗೆ ಲಸಿಕೆ ಹಾಕಿಸಿದರೆ ಒಳ್ಳೆಯದು, 30 ದಾಟಿದ ಹೆಂಗಸರು ತಪಾಸಣೆ ಮಾಡಿಸಿಕೊಳ್ಳಬೇಕು ಅಂತ ಸಿಸ್ಟರ್ ಹೇಳಿದರು. ಅವಳ ಅಮ್ಮ ಅಲ್ಲೇ ಅತ್ತುಬಿಟ್ಟಳು.

ಚೀಟಿ ಡಬ್ಬವನ್ನು ಒಂದು ವಾರ ಹಾಲಿನ ಡೇರಿಯ ಹತ್ತಿರ ಇಟ್ಟಿದ್ದೆವು. 31 ಚೀಟಿ ಬಂದವು. 30ಕ್ಕೆ ಸಿಸ್ಟರ್ ಉತ್ತರ ಹೇಳಿ ಹೋದರು. ಒಂದು ಡಬ್ಬದ ತಳಕ್ಕೆ ಅಂಟಿಕೊಂಡಿತ್ತು, ಇವತ್ತು ಸಿಕ್ಕಿತು. ಗಂಡಸರ ಅಕ್ಷರ. 'ನನ್ನ ಹೆಂಡತಿಗೆ ಮುಟ್ಟು ನಿಂತು ಎರಡು ವರ್ಷ ಆಗಿತ್ತು. ಈಗ ಮತ್ತೆ ಕಾಣಿಸುತ್ತಿದೆ. ಯಾರಿಗೆ ಹೇಳಬೇಕು?' ಹೆಸರಿಲ್ಲ. ಏನು ಉತ್ತರ ಕೊಡಲಿ?

ಸಿಸ್ಟರಮ್ಮ_22
ಉತ್ತರ ಬರೆದು ಕೂರಬೇಡಿ. ಮುಟ್ಟು ಪೂರ್ತಿ ನಿಂತ ಮೇಲೆ ಮತ್ತೆ ರಕ್ತ ಕಂಡರೆ ತಡಮಾಡದೆ ತೋರಿಸಬೇಕು. ಸಣ್ಣ ಕಾರಣವೂ ಇರಬಹುದು, ಕ್ಯಾನ್ಸರೂ ಇರಬಹುದು. ನೋಡದೆ ಹೇಳೋಕೆ ಆಗಲ್ಲ. ಈ ವಾರವೇ ತಾಲ್ಲೂಕು ಆಸ್ಪತ್ರೆಯ ಹೆರಿಗೆ ಡಾಕ್ಟರ್ ಹತ್ತಿರ ಕಳಿಸಿ.

ಭದ್ರೆಯ_ದಂಡೆ
ಯಾರು ಅಂತಲೇ ಗೊತ್ತಿಲ್ಲವಲ್ಲ ಸಿಸ್ಟರ್. ನಾನೇ ಹೆಸರು ಬೇಡ ಅಂದಿದ್ದೆ.

ಹಳೇ_ಮೇಷ್ಟ್ರು
ಡೇರಿಯಲ್ಲೇ ಉತ್ತರ ಅಂಟಿಸಿ ತಾಯಿ. ಚೀಟಿ ಹಾಕಿದವರು ಹಾಲು ಹಾಕೋಕೆ ಅಲ್ಲಿಗೇ ಬರುತ್ತಾರೆ. ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಸಿಸ್ಟರಮ್ಮ_22
ಅಂಟಿಸಿ. ಜೊತೆಗೆ ಆಶಾ ಹತ್ತಿರ ಮನೆ ಮನೆಯ ಪಟ್ಟಿ ಇರುತ್ತದೆ. 45 ದಾಟಿದ ಹೆಂಗಸರಿರುವ ಎಲ್ಲ ಮನೆಗೂ ಹೋಗಿ. ಎಲ್ಲರನ್ನೂ ಒಂದೇ ತರಹ ಕೇಳಿ, ಯಾರನ್ನೂ ಗುರಿ ಮಾಡಬೇಡಿ.

ಭದ್ರೆಯ_ದಂಡೆ
ಆಶಾಗೆ ಫೋನ್ ಮಾಡಿದೆ. ಅಂಥ ಮನೆ 60ರ ಮೇಲಿವೆಯಂತೆ. ನಾಳೆ ಬೆಳಗ್ಗೆ ಡೇರಿ ಬಾಗಿಲು ತೆಗೆಯುವಷ್ಟರಲ್ಲಿ ಚೀಟಿ ಅಂಟಿಸಿ, ಕೆಳಗಿನ ಬೀದಿಯಿಂದ ಶುರು ಮಾಡುತ್ತೇವೆ.